ಎಕಂಬಾದ ಕುರಿಗಳ ಕೆಂಪು ಉಚ್ಚೆ

ಔರಾದ, 16 ಸೆಪ್ಟೆಂಬರ್ 1948, ಗುರುವಾರ

ಮತ್ತೆ ಕುರಿ. ಎಕಂಬಾದಿಂದ ಅರವತ್ತು. ಎಲ್ಲಕ್ಕೂ ಹೊಟ್ಟೆಹುಳ, ಗದ್ದದ ಕೆಳಗೆ ಬಾವು. ದನದ ಡಾಕ್ಟರ್ ಮುನೀರೋದ್ದೀನ ಸಾಹೇಬರು ಹಸಿರು ಪುಡಿ ತೂಗಿ ಕಲಸಿದರು... ಫೆನೋಥಯಾಜಿನ್, ಹೊಸ ಔಷಧ. ನಾನು ಬಾಯಿ ಬಿಡಿಸಿ ಕುಡಿಸಿದೆ. ಕಂಪೌಂಡರನ ಕತ್ತೆ ಚಾಕರಿ.

ಎರಡು ಮೂರು ದಿನ ಉಚ್ಚೆ ರಕ್ತದ ಹಾಗೆ ಕೆಂಪಾಗುತ್ತದೆ, ಹೆದರಬೇಡ ಎಂದು ಕುರಿಗಾರನಿಗೆ ಹೇಳುವುದೂ ನನ್ನ ಕೆಲಸ. ಆ ಹಿಂಡಿನ ಒಡೆಯ ಮಚ್ಛೇಂದ್ರ ಸರದಿ ಮುರಿದು ನುಗ್ಗಿ ನನ್ನ ಕಾಲು ತುಳಿದ. ಬೈದು ಅಟ್ಟಿದೆ. ಹೇಳಲಿಲ್ಲ. ನೆನಪಾದಾಗ ಹಿಂಡು ಊರು ದಾಟಿತ್ತು. ಹಾಳಾಗಿ ಹೋಗಲಿ, ನಾಳೆ ಹೇಳಿದರಾಯಿತು.

18, ಶನಿವಾರ

ಬೀದರಕ್ಕೆ ಹಿಂದುಸ್ಥಾನದ ಫೌಜು ಬಂತಂತೆ. ರಜಾಕಾರರು ಓಡಿದರು. ಈಗ ಕಂಡ ಕಂಡ ಮುಸಲ್ಮಾನರ ಮೇಲೆ ಸೇಡು. ಭಾಲ್ಕಿ ರಸ್ತೆಯಲ್ಲಿ ಹೊಗೆ. ಎಕಂಬಾಕ್ಕೆ ಹೋಗಲಿಲ್ಲ — ಹೆದರಿಕೆ.

19, ರವಿವಾರ

ಬೆಳಿಗ್ಗೆ ಮಚ್ಛೇಂದ್ರ ದವಾಖಾನೆಗೆ ಬಂದ. ಹಿಂದೆ ಮೂವತ್ತು ಜನ. ಕೊಡಲಿ, ಬಡಿಗೆ. ಬೇಸಿಗೆಯಲ್ಲಿ ಅವನ ತಮ್ಮನನ್ನು ರಜಾಕಾರರು ಕಡಿದಿದ್ದರು.

“ಹಿಂಡೆಲ್ಲ ರಕ್ತ ಹೊಯ್ಲತ್ತಾವ. ಈ ಸಾಹೇಬ ವಿಷ ಹಾಕ್ಯಾನ.”

ಹಿತ್ತಲ ಬಾಗಿಲು ತೆರೆದೇ ಇತ್ತು. ಸಾಹೇಬರು ಓಡಲಿಲ್ಲ. ಕೊಯ್ದು ತೋರಿಸುತ್ತೇನೆ ಅಂದರು. ಅವರು ತಂದಿದ್ದ ಒಂದು ಕುರಿ ಕೊಯ್ದು ಕರುಳು ಸೀಳಿದರು. ಹುಳ ಸತ್ತು ದಾರದಂತೆ ಬಿದ್ದಿದ್ದವು. ಒಳಪದರ ನಸುಗೆಂಪಾಗಿ ಮಾಯುತ್ತಿತ್ತು. ಆದರೆ ಗೋಡೆಯ ತುಂಬ ಗಂಟು, ಮರಿಹುಳ ಹೊಕ್ಕ ಹಳೆಯ ಗುರುತು. ಯಾವ ಔಷಧಕ್ಕೂ ಅವು ಹೋಗುವುದಿಲ್ಲ. ಯಾರೋ ಒಂದು ಗಂಟನ್ನು ಹಿಸುಕಿದರು. ಹಸಿರು ಕೀವು... ಪುಡಿಯದೇ ಬಣ್ಣ.

ಇದೇ ವಿಷ ಅಂದರು ಜನ.

ಸಾಹೇಬರು ನನ್ನ ಕಡೆ ತಿರುಗಿದರು. “ವೈಜಿನಾಥ, ಉಚ್ಚಿ ಕೆಂಪ ಆಗ್ತದಂತ ಇವರಿಗಿ ಹೇಳಿದ್ದಿ ಇಲ್ಲೊ? ಹೇಳಪ್ಪ.”

ಎಲ್ಲರೂ ನನ್ನನ್ನೇ ನೋಡಿದರು.

“ನನಗೇನೂ ಗೊತ್ತಿಲ್ರಿ. ಪುಡಿ ಕಲಸಿದವರು ಅವರು.”

ಮೊದಲ ಏಟು ಸಾಹೇಬರ ಕಿವಿಯ ಹಿಂದೆ. ಕುರಿಯ ಕರುಳಿನ ಮೇಲೇ ಬಿದ್ದರು. ಆಮೇಲೆ ಹೊಟ್ಟೆಗೆ. ಎಷ್ಟು ಹೊತ್ತು ಹೊಡೆದರೋ. ಯಾರ ರಕ್ತ ಯಾವುದು ತಿಳಿಯಲಿಲ್ಲ. ನಾನು ಗೋಡೆಗೆ ಒರಗಿ ನಿಂತಿದ್ದೆ. ಥೂ.

24, ಶುಕ್ರವಾರ

ಮಚ್ಛೇಂದ್ರ ಬಂದಿದ್ದ. ಒಬ್ಬನೇ. ಉಳಿದ ಕುರಿ ಒಂದೂ ಸತ್ತಿಲ್ಲವಂತೆ, ಉಚ್ಚೆ ತಿಳಿಯಾಗಿದೆಯಂತೆ, ಚೆನ್ನಾಗಿ ಮೇಯುತ್ತಿವೆಯಂತೆ. ತಲೆ ಎತ್ತಲಿಲ್ಲ.

“ಮನ್ಯಾಗ ಉಳದ ಮರಿಗೋಳಿಗೂ ಅದೇ ಪುಡಿ ಕೊಡ್ರಿ.”

ತೂಗಿ ಕೊಟ್ಟೆ.

ಸಂಜೆ ಸಾಹೇಬರ ಹೆಂಡತಿ ಇಮಾಮಬೀ ಬಂದರು. ಗಂಡನ ಕೋಟು ಬೇಕಿತ್ತಂತೆ. ಅಳಲಿಲ್ಲ. ಒಂದು ಮಾತು ಕೇಳಿದರು.

“ಆಖರಿಗಿ ಏನಂದ್ರು ಅವರು?”

ನನ್ನ ಹೆಸರು ಕರೆದರು ಅಂದೆ. ನೀನೇನಂದೆ ಅಂತ ಕೇಳಿದರು. ನಾನು ಒಳಗೆ ಹೋಗಿ ಕೋಟು ತಂದು ಕೊಟ್ಟೆ.