ಸಾಹೇಬ್ರ ಕಲ್ಲು

ಯಲ್ಲಾಪುರದ ಕಾಡಂಚು
ಇಸವಿ ೨೨೧೮, ಫೆಬ್ರವರಿ ಮೂವತ್ತು

ಜುಜೆ ಅಜ್ಜನಿಗೆ, ನಿನ್ನ ಏಳನೇ ತಲೆಮಾರಿನ ಮೊಮ್ಮಗಳು ಫಿಲ್ಸಿಯಾನಾ ಸಿದ್ದಿ ಮಾಡುವ ನಮಸ್ಕಾರಗಳು. ನಮ್ಮ ಫೆಬ್ರವರಿಗೆ ಮೂವತ್ತು ದಿನ, ಗಾಬರಿಯಾಗಬೇಡ. ಈ ಕಾಗದ ಕೈ ಸೇರುವಾಗ ನೀನಿನ್ನೂ ಹತ್ತೊಂಬತ್ತರ ಹುಡುಗ, ಆದರೂ ಅಜ್ಜ ಎನ್ನುತ್ತಿದ್ದೇನೆ, ಅದಕ್ಕೂ ಸಿಟ್ಟಾಗಬೇಡ. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ.

ನಮ್ಮ ಮನೆಯಲ್ಲೊಂದು ಪದ್ಧತಿಯಿದೆ. ಪೇಟೆಗೆ ಹೊರಟ ಮಕ್ಕಳು ಹೊಸ್ತಿಲಲ್ಲಿ ನಿಂತು ಎರಡೂ ಅಂಗೈ ಎತ್ತಿ ತೋರಿಸಿ, ತಮ್ಮ ಹೆಸರು, ಅಪ್ಪನ ಹೆಸರು, ಊರು ಹೇಳಿ, ಕೊನೆಗೆ “ನಾವ್ ಇಲ್ಲಿಯವ್ರೇ ರೀ ಸಾಹೇಬ್ರ” ಎನ್ನಬೇಕು. ಸಾಹೇಬ್ರು ಅಂದರೆ ದಾರಿ ಕಾಯುವ ದೇವರೆಂದೇ ನಂಬಿದ್ದೆವು. ಅಂಗಳದಲ್ಲಿ ಅವರಿಗೊಂದು ಕಲ್ಲು ನೆಟ್ಟು, ಹಬ್ಬಕ್ಕೆ ಕಾಯಿ ಒಡೆಯುತ್ತಿದ್ದೆವು. ಪೇಟೆಯಲ್ಲಿ ಈಗಿರುವವರು ಹಾದಿಬಂಧುಗಳು, ದಾರಿ ತಪ್ಪಿದವರನ್ನು ಮನೆ ಮುಟ್ಟಿಸುವವರು. ಚಿಕ್ಕಂದಿನಲ್ಲಿ ನಾನು ಅವರೆದುರು ಅಂಗೈ ಚಾಚಿದರೆ, ತಿನ್ನಲು ಕೇಳುತ್ತಿದ್ದೇನೆಂದುಕೊಂಡು ಕಡಲೆಮಿಠಾಯಿ ಇಡುತ್ತಿದ್ದರು.

ಮೊನ್ನೆ ಕಾಯಿ ಒಡೆಯಲು ಹೋದಾಗ ನಮ್ಮ ದೊಡ್ಡತ್ತೆ ಕೈ ಹಿಡಿದಳು. “ಹುಚ್ಚಿ, ಅಂವ ದೇವರಲ್ಲ ಬೇ, ಪೊಲೀಸ!” ಮಕ್ಕಳು ಹೆದರುತ್ತಾರೆಂದು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲವಂತೆ. ನೀನು ಪರೀಕ್ಷೆಗೆ ಹೊರಟಿದ್ದೆಯಂತೆ. ಬಸ್‌ ಸ್ಟ್ಯಾಂಡಿನಲ್ಲಿ ಅಷ್ಟು ಜನರಲ್ಲಿ ನಿನ್ನೊಬ್ಬನನ್ನೇ, ಕಪ್ಪು ಮೈ, ಗುಂಗುರು ಕೂದಲು ನೋಡಿ, ಆಫ್ರಿಕಾದವನೆಂದು ಹಿಡಿದು, ಎರಡೂ ಕೈ ಎತ್ತಿಸಿ ಪಾಸ್‌ಪೋರ್ಟ್ ಕೇಳಿದರಂತೆ. ನೀನು ಊರು ಹೇಳಿದರೆ, “ಕನ್ನಡ ಚಲೋ ಕಲ್ತೀಯಲ್ಲೋ, ಯಾವ ದೇಶ ನಿಂದು?” ಎಂದು ನಕ್ಕರಂತೆ. ಬಿಟ್ಟಾಗ ಪರೀಕ್ಷೆ ಮುಗಿದಿತ್ತು. ಆಮೇಲೆ ನೀನು ಪೇಟೆಯ ಕಡೆ ತಲೆಹಾಕಲಿಲ್ಲ. ಮಕ್ಕಳನ್ನು ಮಾತ್ರ ಹೊಸ್ತಿಲಲ್ಲಿ ನಿಲ್ಲಿಸಿ ಇದನ್ನು ಕಲಿಸಿದೆ. ಅಜ್ಜಾ, ನನಗೆ ತಲೆಯೇ ಓಡುತ್ತಿಲ್ಲ. ಇಲ್ಲೇ ಹುಟ್ಟಿದವನನ್ನು ಯಾವ ದೇಶ ಎಂದು ಕೇಳಿದರೆ ಏನು ಹೇಳುವುದು? ಇದು ನಿನಗೆ ಆಗಿಹೋಗಿದೆಯೋ, ಇನ್ನು ಆಗಬೇಕೋ, ಅದೂ ತಿಳಿಯದು.

ಮಗಳು ಜುಲಿಯಾನಾ ಇಂದು ಮೊದಲ ಸಲ ಒಬ್ಬಳೇ ಪೇಟೆಗೆ ಹೊರಟಳು. ಸಾಹೇಬ್ರ ಕಲ್ಲನ್ನು ಬೆಳಿಗ್ಗೆಯೇ ಕಿತ್ತು, ಬಟ್ಟೆ ಒಗೆಯುವ ಕಲ್ಲಾಗಿ ಹಾಕಿದ್ದೆ. “ಅವ್ವಾ, ಕೈ ತೋರಸ್ಲೇನು?” ಎಂದಳು. ಬೇಡ ಎಂದೆ. ಹೆದರಬೇಕಾದವರು ಈಗ ಯಾರೂ ಇಲ್ಲ, ಗೊತ್ತು. ಆದರೂ ಹೊಸ್ತಿಲು ಬಿಟ್ಟು ಕದಲದೆ ನೋಡುತ್ತಿದ್ದೆ. ಅವಳು ಕೈ ಬೀಸುತ್ತಾ ಹೋದಳು, ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ನಗುತ್ತಿದ್ದಳೇನೋ. ಹೊಸ್ತಿಲಲ್ಲಿ ನನ್ನ ಎರಡೂ ಕೈ ತಾವಾಗಿ ಮೇಲೆದ್ದಿದ್ದವು.

ನೀನು ಎತ್ತಿದ ಕೈಗಳು ಇವು, ಅಜ್ಜಾ. ಇಳಿಸೆಂದು ನೀನೇ ಒಂದು ಮಾತು ಹೇಳು. ನನ್ನ ಮಾತು ಇವು ಕೇಳುತ್ತಿಲ್ಲ.