ಎರಡು ಸೀಟಿನ ಕೆಂಪು ಗಾಡಿ, ಏಳು ಸೀಟಿನ ಬಿಳಿ ಗಾಡಿ

ಧಾರವಾಡ, ವೈಶಾಖ, ೨೧೮೭

ನೂರಾ ಅರವತ್ತು ವರ್ಷಗಳ ಹಿಂದೆ ಕೂತು ಗಾಡಿಗಳ ನಕ್ಷೆ ಬರೆಯುತ್ತಿರುವವರಿಗೆ,

ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ನಾವು ಓಡಾಡುವುದು ಸರಬಂಡಿಗಳಲ್ಲಿ. ಅವುಗಳಿಗೆ ಚಾಲಕರಿಲ್ಲ, ಉಪಗ್ರಹ ಹೇಳಿದತ್ತ ಹೋಗುತ್ತವೆ. ನಾನು ನೀಲಗಂಗಾ, ಇಲ್ಲಿನ ಹಳೆಯ ಗಾಡಿಗಳ ಸಂಗ್ರಹಾಲಯದ ಪಾಲಕಿ. ಓಡುವ ಗಾಡಿಗಳು ನನ್ನಲ್ಲಿ ಎರಡೇ: ನಿಮ್ಮ ಅಜ್ಜಂದಿರ ಕಾಲದ ಕೆಂಪು ಸ್ಪೋರ್ಟ್ಸ್ ಕಾರು, ನಿಮ್ಮದೇ ಕಾಲದ ಬಿಳಿ ಎಸ್‌ಯುವಿ. ಕಬ್ಬಿನ ಸ್ಪಿರಿಟ್ಟು ಹಾಕಿ ಹಬ್ಬಕ್ಕೊಮ್ಮೆ ಎರಡನ್ನೂ ಓಡಿಸಿ ತೋರಿಸುತ್ತೇನೆ.

ಮೊನ್ನೆ ಮುಂಜಾನೆ ಸೂರ್ಯನ ಮೇಲೆದ್ದ ಬಿರುಗಾಳಿಗೆ ಉಪಗ್ರಹಗಳೆಲ್ಲ ಮೂಕವಾದವು. ಸರಬಂಡಿಗಳು ನಿಂತಲ್ಲೇ ನಿಂತವು. ಅದೇ ಹೊತ್ತಿಗೆ ನನ್ನ ತಂಗಿ ದಾನಮ್ಮ ತುಂಬು ಬಸುರಿ ಮಗಳು ಚಂಪಾಳನ್ನು ತೋಳು ಹಿಡಿದು ಸಂಗ್ರಹಾಲಯಕ್ಕೆ ನಡೆಸಿಕೊಂಡು ಬಂದಳು. ಹುಡುಗಿಗೆ ನೋವು ಶುರುವಾಗಿತ್ತು.

"ದೊಡ್ಡ ಗಾಡಿ ತಗಿ ಅಕ್ಕಾ. ಮಲಗಿಸಿಕೊಂಡು ಹೋಗೂಣು."

ಮಲಗಿಸಿದೆವು. ಸೀಟು ಹಾಸಿಗೆಯಂತೆ ಹರಡಿತು, ಚಂಪಾ ನಿರಾಳವಾಗಿ ಉಸಿರು ಬಿಟ್ಟಳು. ಗುಂಡಿ ಒತ್ತಿದೆ. ಪರದೆ ಬೆಳಗಿ, ಉಪಗ್ರಹದ ಸಂಪರ್ಕವಿಲ್ಲದೆ ಹೊರಡಲಾಗದು ಎಂದು ಬರೆದು ಸುಮ್ಮನಾಯಿತು. ಎಷ್ಟು ಒತ್ತಿದರೂ ಅದೇ ಉತ್ತರ. ಕೆಂಪು ಕಾರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕೀಲಿ ತಿರುವಿದೊಡನೆ ಗುಡುಗಿತು. ನೆಲಕ್ಕಂಟಿದಂಥ ಆ ಸೀಟಿಗೆ ಬಸುರಿಯನ್ನು ಇಳಿಸುವಷ್ಟರಲ್ಲಿ ಇಬ್ಬರೂ ಬೆವತುಹೋದೆವು.

"ನಾ ಎಲ್ಲಿ ಕೂಡಲಿ?" ಎಂದಳು ದಾನಮ್ಮ.

"ಜಾಗಾ ಇಲ್ಲ ದಾನಿ. ಎರಡ ಸೀಟು ಅದಾವ."

"ಅವ್ವಾ, ನೀನೂ ಬಾ," ಎಂದು ಚಂಪಾ ಕೈ ಚಾಚಿದಳು. ನಾನು ಬಾಗಿಲು ಹಾಕಿದೆ.

ನಿಂತ ಸರಬಂಡಿಗಳ ನಡುವೆ ನುಸುಳುವಷ್ಟು ಸಣ್ಣದು ಆ ಕಾರು, ಹಾಗಾಗಿ ಬೇಗ ತಲುಪಿದೆವು. ಆದರೆ ಪ್ರತಿ ಕುಳಿಯೂ ಹುಡುಗಿಯ ಬೆನ್ನಿಗೇ ಬಡಿಯಿತು. ದಾರಿಯುದ್ದಕ್ಕೂ ಆಕೆ ಕರೆದದ್ದು ತಾಯಿಯನ್ನು. ಆಸ್ಪತ್ರೆ ಮುಟ್ಟಿದ ಸ್ವಲ್ಪ ಹೊತ್ತಿಗೇ ಹೆಣ್ಣು ಮಗು ಹುಟ್ಟಿತು. ಇನ್ನಷ್ಟು ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು ವೈದ್ಯೆ.

ಮಧ್ಯಾಹ್ನ ದಾನಮ್ಮ ನಡೆದೇ ಬಂದಳು, ಪಾದವೆಲ್ಲ ಧೂಳು. ಮೊಮ್ಮಗಳನ್ನು ಎತ್ತಿಕೊಂಡಳು, ನನ್ನತ್ತ ನೋಡಲಿಲ್ಲ.

"ಜೀವಾ ಉಳಿಸಿದಿ, ಖರೆ. ಆದ್ರ ಆಕಿ ನನ್ನ ಕರದಾಗ ನಾ ಇರಲಿಲ್ಲ."

ಉಪಗ್ರಹಗಳು ಮತ್ತೆ ಮಾತಾಡುತ್ತಿವೆ, ಊರು ಎಲ್ಲವನ್ನೂ ಮರೆತಿದೆ. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ. ಯಾರ ಅಪ್ಪಣೆಗೂ ಕಾಯದೆ ಹೊರಡುವ ಗಾಡಿ ಮಾಡಿ. ಮಾಡುವಾಗ ತಾಯಿಗೂ ಒಂದು ಸೀಟು ಇಡಿ. ನಿಮ್ಮ ಪೆನ್ಸಿಲ್ಲು ಇನ್ನೂ ಕಾಗದದ ಮೇಲೇ ಇದೆ.

ನೀಲಗಂಗಾ