ಸೊಟ್ಟ ಮೂತಿಯ ಮಂಗಣ್ಣ

ಲಷ್ಕರ್ ಮೊಹಲ್ಲಾ, ಮೈಸೂರು
೯ ಫೆಬ್ರವರಿ ೨೦೨೫, ಭಾನುವಾರ

ಲಾಸ್ಯಳ ಅಪ್ಪನಿಗೆ, ಪ್ರೀತಿಯಿಂದ,

ಹೇಗಿದ್ದೀರಿ? ಚಳಿಗೆ ಬಿರಿದಿದ್ದ ಬೆರಳುಗಳು ವಾಸಿಯಾದವೇ? ಕಳೆದ ಸಲ ಕೆಳಗಿನ ಕ್ಯಾಂಪಿಗೆ ಇಳಿದು ಬಂದು ಫೋನ್ ಮಾಡಿದಾಗ ಕೆಮ್ಮುತ್ತಿದ್ದಿರಿ. ಕೇಳಿದರೆ ಗಾಳಿಯ ಸದ್ದು ಎಂದಿರಿ. ಗಾಳಿ ಯಾವುದು, ಕೆಮ್ಮು ಯಾವುದು ಎಂದು ನನಗೆ ಗೊತ್ತಾಗುತ್ತದೆ. ಪಾರ್ಸಲಿನಲ್ಲಿ ಕಳಿಸಿದ ರಾಗಿ ಹುರಿಹಿಟ್ಟು ತಲುಪಿತೇ? ಬಿಸಿನೀರಿಗೆ ಬೆಲ್ಲ ಹಾಕಿ ಕಲಸಿಕೊಂಡು ನೀವೂ ಕುಡಿಯಿರಿ, ಎಲ್ಲವನ್ನೂ ಜೊತೆಯವರಿಗೆ ಹಂಚಿಬಿಡಬೇಡಿ. ಹಂಚುತ್ತೀರಿ ಎಂದು ಗೊತ್ತಿದ್ದೇ ಅತ್ತೆ ಎರಡರಷ್ಟು ಕಟ್ಟಿಸಿದ್ದರು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಮಾವನ ಮಂಡಿ ನೋವು ಇದ್ದ ಹಾಗೇ ಇದೆ. ಬಸ್ ಡಿಪೋ ಬಿಟ್ಟು ಇಷ್ಟು ವರ್ಷವಾದರೂ ಕತ್ತಲಿರುವಾಗಲೇ ಎದ್ದು ಶರಟು ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಾರೆ. ಲಾಸ್ಯಳ ಮುಂದಿನ ಹಲ್ಲು ಬಿದ್ದಿದೆ. 'ಸ' ಎಂದರೆ ಶಿಳ್ಳೆ ಬರುತ್ತದೆ, ಅದಕ್ಕೇ ಬೇಕೆಂದು ಸಾರು, ಸಾರು ಎಂದು ಕೇಳುತ್ತಾಳೆ. ಚೆನ್ನಾಗಿದ್ದೇವೆ ಎಂದು ಪ್ರತಿ ಸಲವೂ ಹೇಳುತ್ತಿದ್ದೆ, ಆದರೆ ಈ ಸಲ ಮನಸ್ಸು ತುಂಬಿ ಬರೆಯುತ್ತಿದ್ದೇನೆ. ಯಾಕೆಂದು ಹೇಳಬೇಕಾದರೆ ಫೋನು ಸಾಲದು. ನಾಲ್ಕು ಮಾತು ಆಡುವಷ್ಟರಲ್ಲಿ ಕಡಿದುಹೋಗುತ್ತದೆ. ಅದಕ್ಕೇ ಕಾಗದ ಹಿಡಿದಿದ್ದೇನೆ. ಬರೆಯುವ ರೂಢಿ ತಪ್ಪಿ ಈಗಾಗಲೇ ಕೈ ನೋಯುತ್ತಿದೆ.

ಅತ್ತೆಗೆ ಮುಖದ ನರ ಸೋತಿದೆ, ಔಷಧಿ ನಡೆಯುತ್ತಿದೆ ಎಂದಷ್ಟೇ ನಿಮಗೆ ತಿಳಿಸಿದ್ದೆವು. ಗಡಿಯಲ್ಲಿ ನೀವಿರುವ ಎತ್ತರದಲ್ಲಿ ಮನಸ್ಸನ್ನು ಮನೆಯಲ್ಲಿ ಬಿಟ್ಟು ಕಾವಲು ಕಾಯುವುದು ಒಳ್ಳೆಯದಲ್ಲ ಎಂದು ಮಾವ ತಡೆದಿದ್ದರು. ಆದದ್ದು ಹೀಗೆ. ದೀಪಾವಳಿ ಕಳೆದ ವಾರ ಅತ್ತೆ ಮಂಡಿ ಮಾರುಕಟ್ಟೆಯಿಂದ ಸೊಪ್ಪಿನ ಬುಟ್ಟಿ ಖಾಲಿ ಮಾಡಿಕೊಂಡು ಬಂದು ಕಾಫಿ ಕುಡಿಯಲು ಕೂತರು. ಕಾಫಿ ಬಾಯಿಂದ ಜಾರಿ ಸೀರೆಯ ಮೇಲೆ ಸುರಿಯಿತು. ಲೋಟ ಬಿಸಿ ಎಂದುಕೊಂಡೆ. ತಲೆಯೆತ್ತಿ ನೋಡಿದರೆ ಎಡಗಡೆಯ ಮುಖವೆಲ್ಲ ಇಳಿಬಿದ್ದಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಇದು ಲಕ್ವ ಅಲ್ಲ, ಮುಖದ ಒಂದೇ ನರಕ್ಕೆ ಬಾವು ಬಂದಿದೆ, ನಿಧಾನವಾಗಿ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದಾಗ ನನಗೆ ಧೈರ್ಯ ಬಂತು.

ಆದರೆ ಅತ್ತೆಗೆ ಬರಲಿಲ್ಲ. ಮನೆಗೆ ಬಂದವರೇ ಮುಖಕ್ಕೆ ಸೆರಗು ಎಳೆದುಕೊಂಡರು. ಗೋಡೆಯ ಕಡೆ ತಿರುಗಿ ಊಟ ಮಾಡತೊಡಗಿದರು. ನಡುಮನೆಯ ಕನ್ನಡಿ ತೆಗೆದು ಬೀರುವಿನ ಹಿಂದೆ ಇಟ್ಟರು. ಲಾಸ್ಯ ತೊಡೆಯ ಮೇಲೆ ಏರಿ ಸೆರಗು ಸರಿಸಲು ಹೋದರೆ ಅವಳ ಕೈ ಹಿಡಿದು ಕೆಳಗಿಳಿಸುತ್ತಿದ್ದರು. ಮಾರುಕಟ್ಟೆಯ ಮಾತೇ ಇಲ್ಲ. ಜಾಗ ಕೈತಪ್ಪಬಾರದೆಂದು ಮಾವನೇ ಹೋಗಿ ಕೂತರು. ಪಾಪ, ಅವರಿಗೆ ಸಬ್ಬಸಿಗೆ ಯಾವುದು, ಕೊತ್ತಂಬರಿ ಯಾವುದು ತಿಳಿಯದು. ಗಿರಾಕಿಗಳು ಏನು ಕೇಳಿದರೂ ಕೈಗೆ ಸಿಕ್ಕಿದ ಕಟ್ಟು ಕೊಟ್ಟು ಬಂದರಂತೆ.

ಆಗೆಲ್ಲ ನೀವು ಫೋನ್ ಮಾಡಿದಾಗ ಅತ್ತೆ ನಿಮ್ಮನ್ನು ಕಂದಾ ಎಂದು ಕರೆಯುತ್ತಿದ್ದರಲ್ಲ. ಎಂದೂ ಇಲ್ಲದ್ದು ಅವ್ವನಿಗೆ ಈಗ ನನ್ನ ಮೇಲೆ ಮುದ್ದು ಬಂದಿದೆ ಎಂದು ನೀವು ನಕ್ಕಿರಿ. ಮುದ್ದು ಇಲ್ಲವೆಂದಲ್ಲ. ಆದರೆ ಅವರ ತುಟಿ ಕೂಡುತ್ತಿರಲಿಲ್ಲ. ನಿಮ್ಮನ್ನು ಮಾದೇವ ಎನ್ನಲು ಹೋದರೆ ವಾದೇವ ಎಂದಾಗುತ್ತಿತ್ತು. ನಿಮಗೆ ಗೊತ್ತಾಗಬಾರದೆಂದು ತುಟಿ ಕೂಡಿಸದೆ ಹೇಳಬಹುದಾದ ಒಂದು ಮಾತು ಹುಡುಕಿಕೊಂಡಿದ್ದರು.

ಆಸ್ಪತ್ರೆಯಲ್ಲಿ ಗುರುಕಿರಣ್ ಎಂಬ ಫಿಸಿಯೋಥೆರಪಿಯವರು ಇದ್ದಾರೆ, ಸಮಾಧಾನದ ಮನುಷ್ಯ. ಕನ್ನಡಿಯ ಮುಂದೆ ಕೂತು ನಿಧಾನವಾಗಿ ಹುಬ್ಬು ಎತ್ತಬೇಕು, ಕಣ್ಣು ಮುಚ್ಚಬೇಕು, ತುಟಿ ಮುಂದೆ ಮಾಡಬೇಕು, ಪ, ಬ, ಮ ಹೇಳಬೇಕು, ಜೋರು ಮಾಡಬಾರದು ಎಂದು ಹೇಳಿಕೊಟ್ಟರು. ಅಲ್ಲಿ ತಲೆಯಾಡಿಸಿದ ಅತ್ತೆ ಮನೆಗೆ ಬಂದು ನನ್ನ ಮೇಲೆ ರೇಗಿದರು. 'ಕನ್ನಡಿ ಇಟ್ಕೊಂಡು ಮೂತಿ ತಿರುಗ್ಸಕ್ಕೆ ನಾನೇನು ಮಂಗನಾ? ಓಗು, ಕೆಲ್ಸ ನೋಡ್ಕೋ' ಎಂದರು. ಆ ಮಾತು ಕೇಳಿದ್ದೇ ನನಗೆ ಅಟ್ಟದ ಮೇಲಿದ್ದ ಮಂಗನ ತಲೆ ನೆನಪಾಯಿತು. ಕನ್ನಡಿಯ ಬದಲು ಅದೇ ಎದುರು ಕೂತು ಮೂತಿ ಮಾಡಿ ತೋರಿಸಿದರೆ ಅತ್ತೆಯೂ ಮಾಡಬಹುದು ಎನಿಸಿತು.

ನಿಮಗೂ ನೆನಪಿರಬೇಕು. ಲಾಸ್ಯಳಿಗೆ ಮೂರು ತುಂಬಿದ ವರ್ಷ ರಜೆಯಲ್ಲಿ ಬರುವಾಗ ದೆಹಲಿಯಲ್ಲಿ ಕೊಂಡು ತಂದಿರಿ, ಬ್ಯಾಟರಿಯ ಆಟಿಕೆ, ನಿಜವಾದ ಚಿಂಪಾಂಜಿಯದರಷ್ಟೇ ದೊಡ್ಡ ತಲೆ. ಕಣ್ಣು ಹೊರಳಿಸುತ್ತಿತ್ತು, ಹುಬ್ಬು ಕುಣಿಸುತ್ತಿತ್ತು, ಹಲ್ಲು ಕಿರಿದು ಗುರ್ ಎನ್ನುತ್ತಿತ್ತು. ಮಗು ಕಿಟಾರನೆ ಕಿರುಚಿ ಮಂಚದ ಕೆಳಗೆ ಹೊಕ್ಕಳು. ಮನುಷ್ಯರು ತರುವ ಸಾಮಾನೇ ಇದು ಎಂದು ನಾನು ನಿಮ್ಮನ್ನು ಬೈದೆ. ನೀವು ಸುಮ್ಮನೆ ಅದನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದಿರಿ. ಎಸೆಯಲಿಲ್ಲವಲ್ಲ, ಅದಕ್ಕೆ ಈಗ ಕೈಮುಗಿಯುತ್ತೇನೆ.

ಇಳಿಸಿ ನೋಡಿದರೆ ಸೆಲ್ಲು ಸೋರಿ ಒಳಗಿನ ಬೋರ್ಡು ತಿಂದುಹೋಗಿತ್ತು. ಆದರೆ ಮೋಟಾರುಗಳ ಜಾಗ, ಹುಬ್ಬಿನ ಸನ್ನೆಗೋಲು, ದವಡೆಯ ಕೀಲು ಎಲ್ಲ ಗಟ್ಟಿಯಾಗಿದ್ದವು. ಸಿದ್ಧಾರ್ಥನಗರದ ನಮ್ಮ ಸರ್ವಿಸ್ ಸೆಂಟರಿನಲ್ಲಿ ದಿನವೆಲ್ಲ ಮಿಕ್ಸಿ ಬಿಚ್ಚುವವಳಿಗೆ ಮಂಗ ಬಿಚ್ಚುವುದು ಕಷ್ಟವೇ ಎಂದುಕೊಂಡೆ. ಕಷ್ಟವೇ ಆಯಿತು. ರಬ್ಬರಿನ ಚರ್ಮವನ್ನು ಹಿಂಬದಿಯಿಂದ ಬಿಡಿಸುವಾಗ ತುಟಿಯ ಹತ್ತಿರ ಹರಿಯಿತು. ಮಾವ ಸೈಕಲ್ ಟ್ಯೂಬಿನ ತುಂಡೊಂದನ್ನು ಹುಡುಕಿ ತಂದು, ಸಲ್ಯೂಷನ್ ಹಚ್ಚಿ, ಪಂಕ್ಚರ್ ಹಾಕಿದ ಹಾಗೆಯೇ ಒಳಗಿನಿಂದ ತೇಪೆ ಹಾಕಿಕೊಟ್ಟರು. ಹಳೆಯ ಮೋಟಾರುಗಳಿಗೆ ಒಂದೇ ವೇಗ, ದಡಕ್ಕನೆ ಎಳೆಯುತ್ತಿದ್ದವು. ನನಗೆ ಬೇಕಾಗಿದ್ದು ಹೂವು ಅರಳುವಷ್ಟು ನಿಧಾನ. ನಮಗೆ ಬಿಡಿಭಾಗ ತಂದುಕೊಡುವ ಬಸವರಾಜು ಅವರಿಗೆ ಹೇಳಿ, ಹೇಳಿದಷ್ಟೇ ತಿರುಗಿ ನಿಲ್ಲುವ ಚಿಕ್ಕ ಮೋಟಾರುಗಳನ್ನೂ ಅವನ್ನು ಆಡಿಸುವ ಪುಟ್ಟ ಬೋರ್ಡನ್ನೂ ತರಿಸಿದೆ. ಹುಬ್ಬಿಗೆ, ರೆಪ್ಪೆಗೆ, ದವಡೆಗೆ, ತುಟಿಯ ಎರಡೂ ಮೂಲೆಗೆ ಬೇರೆ ಬೇರೆ ಮೋಟಾರು ಕೂರಿಸಿ ನೈಲಾನ್ ದಾರ ಕಟ್ಟಿದೆ. ಕುತ್ತಿಗೆಗೆ ನಮ್ಮ ಕೆಟ್ಟ ಟೇಬಲ್ ಫ್ಯಾನಿನ ಸ್ಟ್ಯಾಂಡು. ಗುರ್ ಎನ್ನುವ ಸ್ಪೀಕರನ್ನು ಮೊದಲು ಕಿತ್ತುಹಾಕಿದೆ. ಪಾಲಿಟೆಕ್ನಿಕ್ಕಿನಲ್ಲಿ ಕಲಿತ ಪ್ರೋಗ್ರಾಂ ಬರೆಯುವುದು ಮರೆತೇಹೋಗಿತ್ತು, ಫೋನಿನಲ್ಲಿ ನೋಡಿ ನೋಡಿ ಮತ್ತೆ ಕಲಿತೆ.

ಆ ಪಾಲಿಟೆಕ್ನಿಕ್ ನಾನು ಮುಗಿಸಿದ್ದು ಯಾರಿಂದ, ನಿಮಗೆ ಗೊತ್ತು. ಲಾಸ್ಯ ಕೈಗೂಸಾಗಿದ್ದಾಗ ಓದು ಸಾಕು ಎಂದು ನಾನೇ ಕೈಬಿಟ್ಟಿದ್ದೆ. ಅತ್ತೆ ಬಿಡಲಿಲ್ಲ. ಪರೀಕ್ಷೆಯ ದಿನಗಳಲ್ಲಿ ಸೊಪ್ಪಿನ ವ್ಯಾಪಾರ ನಿಲ್ಲಿಸಿ, ಕಾಲೇಜಿನ ಗೇಟಿನ ಹೊರಗಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಗುವನ್ನು ತೂಗುತ್ತಾ ಕೂತಿದ್ದರು. ಬಿಸಿಲಿನಲ್ಲಿ ಕೂತು ಕೊಡಿಸಿದ ವಿದ್ಯೆ ಅವರಿಗಲ್ಲದೆ ಇನ್ನಾರಿಗೆ ಉಪಯೋಗಕ್ಕೆ ಬರಬೇಕು?

ತೋರಿಸುವ ದಿನ ಬಂತು. ನಡುಮನೆಯಲ್ಲಿ ಸ್ಟೂಲಿನ ಮೇಲೆ ತಲೆ ಇಟ್ಟೆ. ಲಾಸ್ಯ ಈಗ ದೊಡ್ಡವಳು, ಹೆದರಲಿಲ್ಲ, ಅದಕ್ಕೆ ತಾತನ ಟವೆಲ್ಲಿನಲ್ಲಿ ಪೇಟ ಸುತ್ತಿ ಮಂಗಣ್ಣ ಎಂದು ಹೆಸರಿಟ್ಟಳು. ಅತ್ತೆ ಗೋಡೆಯ ಕಡೆಗೇ ಮುಖ ಮಾಡಿ ಕೂತಿದ್ದರು. ನಾನು ಗುಂಡಿ ಒತ್ತಿದೆ. ಹುಬ್ಬು ಚೆನ್ನಾಗಿ ಎದ್ದಿತು. ರೆಪ್ಪೆ ಮುಚ್ಚಿತು. ಇನ್ನೇನು ತುಟಿ ಅಗಲಿಸಿ ನಗಬೇಕು, ಆಗ ಒಳಗೆ ಒಂದು ಕಡೆಯ ದಾರ ಟಪ್ಪೆಂದು ಕಿತ್ತುಹೋಯಿತು. ಅರ್ಧ ಬಾಯಿ ಮೇಲಕ್ಕೆ, ಅರ್ಧ ಬಾಯಿ ಜೋಲುಬಿದ್ದು ನಿಂತಿತು. ಅದೂ ಎಡಗಡೆಯೇ. ಅಣಕಿಸಲು ಮಾಡಿದೆ ಎಂದುಕೊಂಡರೆ ಏನು ಗತಿ ಎಂದು ಓಡಿಹೋಗಿ ಅದರ ಮುಂದೆ ಅಡ್ಡ ನಿಂತೆ. ಸದ್ದಿಗೆ ಅಷ್ಟರಲ್ಲಿ ಅತ್ತೆ ತಿರುಗಿ ನೋಡಿಬಿಟ್ಟಿದ್ದರು. ಮಾವ ಜಗಲಿಯಿಂದ ಎದ್ದು ಬಾಗಿಲಲ್ಲಿ ನಿಂತರು.

'ಸರಿ ಅತ್ಲಾಗೆ, ನೋಡ್ತೀನಿ' ಎಂದರು ಅತ್ತೆ. ನಾನು ಸರಿದೆ. ಬಹಳ ಹೊತ್ತು ಅದರ ಮುಖ ನೋಡಿದರು. ಆಮೇಲೆ 'ಅಯ್ಯೋ ಪಾಪ, ಇದ್ಕೂ ನನ್ನಂಗೇ ಆಗ್ಬುಟ್ಟದಲ್ಲ ಕಣವ್ವ' ಎಂದು ನಗಲು ಶುರು ಮಾಡಿದರು. ಎಂಥ ನಗು ಎಂದರೆ ಸೆರಗು ಜಾರಿ ಹೆಗಲಿಗೆ ಬಂದದ್ದೂ ಅವರಿಗೆ ಗೊತ್ತಾಗಲಿಲ್ಲ. ಸೊಟ್ಟ ಬಾಯಲ್ಲಿ, ಮುಚ್ಚದ ಕಣ್ಣಿನಿಂದ ನೀರು ಸುರಿಸುತ್ತಾ ನಕ್ಕರು. ಮಾವನೂ ಬಾಗಿಲು ಹಿಡಿದುಕೊಂಡು ನಕ್ಕರು. ನಾನು ಅಡುಗೆಮನೆಗೆ ಹೋದೆ.

ದಾರ ಕಟ್ಟಿಕೊಡುತ್ತೇನೆ ಎಂದರೆ ಅತ್ತೆ ಬೇಡ ಎಂದರು. 'ಈಗ್ಲೇ ಪೂರ್ತಿ ಸರಿ ಮಾಡ್ಬೇಡ. ನನ್ ಬಾಯಿ ಎಷ್ಟು ಏಳ್ತದೋ ಅದ್ರದ್ದೂ ಅಷ್ಟೇ ಏಳ್ಲಿ. ಇಬ್ರೂ ಜೊತೇಲಿ ಓಯ್ತೀವಿ ಬುಡು' ಎಂದರು. ಇದನ್ನು ಗುರುಕಿರಣ್ ಅವರಿಗೆ ಹೇಳಿದಾಗ ಅವರು ಸ್ವಲ್ಪ ಯೋಚಿಸಿ, ಒಳ್ಳೆಯದೇ, ಆಯಾಸ ಮಾಡಿಸಬೇಡಿ, ವಾರಕ್ಕೊಮ್ಮೆ ನನಗೆ ತೋರಿಸಿ ಎಂದರು. ದಾರ ಮತ್ತೆ ಕಟ್ಟಿದೆ, ಆದರೆ ಅವರು ಅತ್ತೆಯ ಮುಖ ನೋಡಿ ಹೇಳಿದಷ್ಟೇ ಮಂಗಣ್ಣನ ಎಡ ತುಟಿಯನ್ನು ಎತ್ತುವಂತೆ ಪ್ರೋಗ್ರಾಂ ತಿದ್ದುತ್ತಿದ್ದೆ. ಅತ್ತೆ ಬಳೆಗೈಯಲ್ಲಿ ತಾವೇ ಗುಂಡಿ ಒತ್ತಿ ಎದುರಿಗೆ ಕೂರುತ್ತಿದ್ದರು. ಪ, ಬ, ಮ ಎನ್ನುವುದು ಮಕ್ಕಳ ಪಾಠ ಎಂದು ಬಿಟ್ಟು ತಮ್ಮದೇ ಪಾಠ ಮಾಡಿಕೊಂಡರು. ಪುದೀನ, ಬಸಳೆ, ಮೆಂತ್ಯ, ಸಬ್ಬಸಿಗೆ. ಪ್ರತಿ ಸೊಪ್ಪಿಗೂ ಅದರ ಬಾಯಿ ಹೊಂದಿಸುವುದು ನನ್ನ ಕೆಲಸ. ಅದು ಬಾಯಿ ತಡವಾಗಿ ತೆರೆದರೆ ಅದಕ್ಕೇ ಬೈಗುಳ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಲಾಸ್ಯಳ ಡಬ್ಬಿ ಕಟ್ಟುತ್ತಿದ್ದೆ. ಒಳಗೆ ಪುದೀನ, ಬಸಳೆ ನಡೆದಿತ್ತು. ಮೆಂತ್ಯ ಆದ ಮೇಲೆ ಸಬ್ಬಸಿಗೆ ಬರಲಿಲ್ಲ, ಮಾದೇವ ಎಂದರು. ತುಟಿ ಕೂಡಿ, ಸ್ಪಷ್ಟವಾಗಿ. ಇನ್ನೊಮ್ಮೆ ಅಂದರು. ಮೂರನೆಯ ಸಲ, ನೀವು ಚಿಕ್ಕವರಿದ್ದಾಗ ಬೀದಿಯ ಕೊನೆಗೆ ಕೇಳುವಂತೆ ಕೂಗುತ್ತಿದ್ದರಂತಲ್ಲ, ಹಾಗೆ ಕೂಗಿದರು. ಮಾವ ಜಗಲಿಯಿಂದಲೇ 'ಅವ್ನೆಲ್ಲಿದ್ದಾನೆ ಇಲ್ಲಿ, ಯಾಕಿಂಗೆ ಕೂಗ್ತೀಯ' ಎಂದು ಗದರಿದರು. ಗದರಿದವರು ಟವೆಲ್ಲಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಮಂಗಣ್ಣನಿಂದಲೇ ವಾಸಿಯಾಯಿತು ಎಂದು ನಾನು ಹೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಔಷಧಿ ಬಿತ್ತು, ನರ ತನ್ನ ಪಾಡಿಗೆ ತಾನು ಚಿಗುರಿತು, ಗುರುಕಿರಣ್ ಬೇಸರಿಸದೆ ನೋಡಿಕೊಂಡರು. ಆದರೆ ಸೆರಗು ಸರಿಸಿದ್ದು ಆ ತಲೆ. ಕಳೆದ ಸೋಮವಾರ ಅತ್ತೆ ಮತ್ತೆ ಮಾರುಕಟ್ಟೆಗೆ ಹೋದರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು. ಪಕ್ಕದಲ್ಲಿ ನಿಂಬೆಹಣ್ಣು ಮಾರುವ ನಂಜುಂಡಯ್ಯನವರು ಏನಾಯ್ತು ಬೀರಮ್ಮ, ಮುಖ ಒಂಥರಾ ಆಗಿದೆ ಎಂದು ಕೇಳಿದರಂತೆ. 'ಬಾಯಿ ರಿಪೇರಿಗೆ ಬಿಟ್ಟಿದ್ದೆ ಕಣಪ್ಪ, ನನ್ ಸೊಸೆನೇ ಮಾಡ್ತಾವಳೆ' ಎಂದರಂತೆ. ಇದನ್ನು ಅವರೇ ಬಂದು ಹೇಳಿದರು. ಸೊಸೆ ಎನ್ನುವಾಗ ಅವರ ಮುಖ ಎಷ್ಟು ತುಂಬಿತ್ತು ಎಂದು ಬರೆಯಲು ನನಗೆ ಬಾರದು.

ನಮ್ಮ ಚಿಂತೆ ಬಿಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ. ಕಾಲು ಒದ್ದೆಯಾಗಲು ಬಿಡಬೇಡಿ. ಅತ್ತೆ ಮಾವನ ಆಶೀರ್ವಾದ ಈ ಕಾಗದದ ಜೊತೆ ಬರುತ್ತಿದೆ. ಲಾಸ್ಯಳ ಮುತ್ತು ಈ ಕೆಳಗಿನ ಎಣ್ಣೆಯ ಕಲೆ, ಚಕ್ಕುಲಿ ತಿಂದ ಬಾಯಲ್ಲೇ ಕೊಟ್ಟಳು. ನನ್ನದು ನಿಮಗೆ ಗೊತ್ತೇ ಇದೆ.

ಎಂದಿಗೂ ನಿಮ್ಮ,
ಸುಚಿತ್ರಾ

ಇನ್ನೊಂದು ಮಾತು: ಲಕೋಟೆ ಅಂಟಿಸುವಾಗ ಅತ್ತೆ ಬಂದು ಇದನ್ನು ಬರಿ ಎಂದರು. ಮುಂದಿನ ಸಲ ಕೆಳಗಿನ ಕ್ಯಾಂಪಿಗೆ ಇಳಿದಾಗ ವೀಡಿಯೊ ಕಾಲ್ ಮಾಡಬೇಕಂತೆ, ನಿಮ್ಮ ಮುಖ ನೋಡಬೇಕಂತೆ. ಅವರೇ ಕೇಳುತ್ತಿರುವುದು ದೀಪಾವಳಿಯ ನಂತರ ಇದೇ ಮೊದಲು. ಬಾಯಿ ಇನ್ನೂ ಪೂರ್ತಿ ಬಂದಿಲ್ಲ, ನಕ್ಕರೆ ಎಡಗಡೆ ಹಿಂದೆ ಉಳಿಯುತ್ತದೆ. ಆ ಕಣ್ಣಲ್ಲಿ ಯಾವಾಗಲೂ ನೀರು ಬರುತ್ತದೆ, ಅಳುತ್ತಿದ್ದಾರೆ ಎಂದುಕೊಳ್ಳಬೇಡಿ. ನೀವು ಅವರನ್ನು ಹೇಗೆ ನೋಡುತ್ತೀರಿ ಎಂಬುದನ್ನೇ ಅವರು ನೋಡುತ್ತಿರುತ್ತಾರೆ. ಮೊದಲು ಸೊಪ್ಪಿನ ವ್ಯಾಪಾರ ಹೇಗಿದೆ ಎಂದು ಕೇಳಿ. ಅಳು ಬಂದರೆ ಫೋನ್ ಇಟ್ಟ ಮೇಲೆ ಅಳಿ. ಮಂಗಣ್ಣನ ದಾರ ಕಿತ್ತ ದಿನ ನಾನು ಅಡುಗೆಮನೆಗೆ ಹೋದದ್ದೂ ಅದಕ್ಕೇ.